ಗರ್ಭಿಣಿಗೆ ರಕ್ತ ಹೆಪ್ಪುಗಟ್ಟುವ ತೊಂದರೆಯೇ? ಮನೆಯವರು ಮಾಡಬೇಕಾದ್ದು

ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗದಿರಲಿ ಎಂದು ಗರ್ಭಿಣಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಕೆಲವರಿಗೆ ಇದು ಮಿತಿಮೀರಿ ಕಾಲಿನ ರಕ್ತನಾಳದಲ್ಲೇ ಹೆಪ್ಪು ಕೂರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ತಾಯಿ ಕಾರ್ಡ್ ಮಾಡಿಸುವಾಗಲೇ ಹೇಳಿಬಿಡಿ: ಹಿಂದೆ ಹೀಗಾಗಿತ್ತಾ, ಮನೆತನದಲ್ಲಿ ಯಾರಿಗಾದರೂ ಇತ್ತಾ, ಮೇಲಿಂದ ಮೇಲೆ ಗರ್ಭಪಾತ ಆಗಿದೆಯಾ. ಹೃದಯದ ಕವಾಟಕ್ಕೆಂದು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ) ನುಂಗುತ್ತಿದ್ದರೆ ಮುಟ್ಟು ತಪ್ಪಿದ ಕೂಡಲೇ ಡಾಕ್ಟರನ್ನು ಕಾಣಿ. ಮೊದಲ ಮೂರು ತಿಂಗಳು ಅದು ಕೂಸಿಗೆ ಅಪಾಯ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ.

ಹೆಪ್ಪು ತಡೆಯಲು ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಕೂಸಿಗೆ ದಾಟುವುದಿಲ್ಲ. ಡಾಕ್ಟರ್ ಬರೆದುಕೊಟ್ಟರೆ ನರ್ಸ್ ಹತ್ತಿರ ಕಲಿತು ಮನೆಯಲ್ಲೇ ಹಾಕಿಕೊಳ್ಳಬಹುದು. ಹೊಕ್ಕುಳಿಂದ ಎರಡು ಇಂಚು ದೂರ, ಚರ್ಮ ಚಿವುಟಿ ಹಿಡಿದು ಸೂಜಿ ನೆಟ್ಟಗೆ ಚುಚ್ಚಬೇಕು. ಆಮೇಲೆ ತಿಕ್ಕಬಾರದು. ಇಂದು ಎಡಕ್ಕೆ ಹಾಕಿದರೆ ನಾಳೆ ಬಲಕ್ಕೆ.

ಕುಬಸ ಮಾಡಿ ತವರಿಗೆ ಕರೆತರುವಾಗ ಸೀರೆ, ಬಳೆಯ ಜೊತೆ ಔಷಧಿ ಚೀಟಿ, ರಿಪೋರ್ಟುಗಳೂ ಬರಲಿ. ಊರು ಬದಲಾದಾಗಲೇ ಡೋಸ್ ತಪ್ಪುವುದು. ಹೆರಿಗೆಗೆ ರಕ್ತನಿಧಿ ಇರುವ ಆಸ್ಪತ್ರೆಯನ್ನೇ ಮೊದಲು ಗೊತ್ತು ಮಾಡಿ: ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಇಲ್ಲವೇ ಗದಗ, ಹಾವೇರಿಯ ಜಿಲ್ಲಾ ಆಸ್ಪತ್ರೆ. ನೋವು ಶುರುವಾದರೆ ಮುಂದಿನ ಇಂಜೆಕ್ಷನ್ ಬೇಡ. ಕೊನೆಯದು ಎಷ್ಟು ಗಂಟೆಗೆ ಹಾಕಿದ್ದು ಅಂತ ಬರೆದಿಟ್ಟುಕೊಳ್ಳಿ. ಬೆನ್ನಿಗೆ ಅರಿವಳಿಕೆ ಕೊಡಲು, ಆ ಕೊನೆಯ ಇಂಜೆಕ್ಷನ್ ಸಣ್ಣ ಡೋಸಿನದಾದರೆ 12, ದೊಡ್ಡದಾದರೆ 24 ಗಂಟೆ ಕಾಯಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಬಾಣಂತನದ್ದು. ಹೆರಿಗೆಯಾದ ಮೇಲಿನ ಆರು ವಾರವೇ ಹೆಪ್ಪುಗಟ್ಟುವ ಭಯ ಹೆಚ್ಚು. ನಮ್ಮಲ್ಲಿ ಆಗಲೇ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ‘ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂದು ತಡೆಯುತ್ತಾರೆ. ಅಜ್ಜಿಯರದು ಪ್ರೀತಿಯೇ, ಅನುಮಾನವಿಲ್ಲ. ಆದರೆ ನೀರಿಲ್ಲದೆ ರಕ್ತ ಗಟ್ಟಿಯಾಗುತ್ತದೆ, ಅಲುಗದೆ ಮಲಗಿದರೆ ಕಾಲಲ್ಲಿ ನಿಲ್ಲುತ್ತದೆ. ಬೇಕೆಂದಾಗೆಲ್ಲ ನೀರು ಕೊಡಿ, ಬೇಕಿದ್ದರೆ ಕಾಯಿಸಿ ಕೊಡಿ. ಡಾಕ್ಟರ್ ಒಪ್ಪಿದರೆ ಮರುದಿನದಿಂದಲೇ ಪಡಸಾಲೆಯಲ್ಲಿ ಅಡ್ಡಾಡಲಿ. ಇಂಜೆಕ್ಷನ್ ಹೇಳಿದಷ್ಟು ದಿನ ನಡೆಯಲಿ.

ಎರಡೂ ಕಾಲು ಬಾತರೆ ಒಮ್ಮೊಮ್ಮೆ ಸಹಜ, ಆದರೂ ತೋರಿಸಿ. ಒಂದೇ ಕಾಲು ಬಾತು ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಹೆಪ್ಪು ಕಿತ್ತು ಮೇಲಕ್ಕೆ ಹೋದೀತು. ಅಂದೇ ಆಸ್ಪತ್ರೆಗೆ ಹೋಗಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು, ತಡೆಯಲಾರದ ತಲೆನೋವು, ಫಿಟ್ಸ್ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಮುಂದೆ ಮಕ್ಕಳ ಅಂತರಕ್ಕೆ ಮಾಲಾ-ಎನ್ ಗುಳಿಗೆ ಇಂಥವರಿಗೆ ಆಗಿಬರುವುದಿಲ್ಲ. ಕಾಪರ್-ಟಿ ಬಗ್ಗೆ ಡಾಕ್ಟರನ್ನು ಕೇಳಿ.