ಫೇಡರ್ ಎಳೆದರೂ ಪರದೆ ಕದಲದಿದ್ದರೆ: ಮಿಡಿ ಕಂಟ್ರೋಲರಿನ ದೋಷ ಹುಡುಕುವ ಕ್ರಮ

ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳ ಎಂದು ಒಂದು ದಾಸರ ಪದಕ್ಕೇ ಹತ್ತು ಟ್ರ್ಯಾಕ್‌ಗಳಾಗುವುದರಿಂದ, ರಾಯಚೂರಿನಂಥ ಊರಿನಲ್ಲಿ ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡವರಿಗೂ ಮೌಸ್ ಬಿಟ್ಟು ಫೇಡರ್ (ದನಿಯ ಮಟ್ಟ ಏರಿಳಿಸುವ ಜಾರುಗುಂಡಿ) ಹಿಡಿದು ಮಿಕ್ಸ್ ಮಾಡುವ ಆಸೆ ಸಹಜ. ಆದರೆ ತಂದು ಜೋಡಿಸಿದ ಮಿಡಿ ಕಂಟ್ರೋಲರ್, ಅಂದರೆ ಫೇಡರಿನ ಚಲನೆಯನ್ನು ಮಿಡಿ ಎಂಬ ಸಂಕೇತ ಭಾಷೆಯ ಸಂದೇಶಗಳಾಗಿ ಕಂಪ್ಯೂಟರಿಗೆ ಕಳಿಸುವ ಉಪಕರಣ, ಕೆಲಸ ಮಾಡದಿದ್ದಾಗ ಹೆಚ್ಚಿನವರು ಮೊದಲು ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕುತ್ತಾರೆ. ಅದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸ. ಕಂಟ್ರೋಲರಿನಿಂದ ಹೊರಟ ಸಂದೇಶ ಕಂಪ್ಯೂಟರನ್ನು ಮುಟ್ಟಿದೆಯೇ, ಮುಟ್ಟಿದ್ದು ಯಾವ ರೂಪದಲ್ಲಿದೆ, ಸಾಫ್ಟ್‌ವೇರ್ ಅದೇ ರೂಪವನ್ನು ಎದುರುನೋಡುತ್ತಿದೆಯೇ, ಅದರ ಉತ್ತರ ಕಂಟ್ರೋಲರಿಗೆ ಮರಳುತ್ತಿದೆಯೇ ಎಂಬ ಕ್ರಮದಲ್ಲಿ ಹುಡುಕಬೇಕು.

ಮೊದಲು ಕೇಬಲ್ಲನ್ನು ನೋಡಿರಿ. ಮೊಬೈಲ್ ಅಂಗಡಿಯ ಅಗ್ಗದ ಯುಎಸ್‌ಬಿ ಕೇಬಲ್‌ಗಳಲ್ಲಿ ಕೆಲವು ಚಾರ್ಜಿಂಗಿಗಷ್ಟೇ ಆಗುತ್ತವೆ. ದತ್ತಾಂಶ ಸಾಗಿಸುವ ತಂತಿಗಳೇ ಅವುಗಳಲ್ಲಿ ಇರುವುದಿಲ್ಲವಾದ್ದರಿಂದ ಕಂಟ್ರೋಲರಿನ ದೀಪ ಉರಿದರೂ ಕಂಪ್ಯೂಟರಿಗೆ ಅದು ಕಾಣುವುದಿಲ್ಲ. ಹಬ್ ಬಿಟ್ಟು ನೇರವಾಗಿ ಚುಚ್ಚಿ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ಉಪಕರಣದ ಹೆಸರು ಬಂದಿದೆಯೇ ನೋಡಿರಿ. ತಾವೇ ಚಲಿಸುವ ಮೋಟಾರ್ ಫೇಡರ್‌ಗಳಿರುವ ಕಂಟ್ರೋಲರಿಗೆ ಅದರದೇ ಅಡಾಪ್ಟರ್ ಇದ್ದರೆ ಅದನ್ನೂ ಹಾಕಲೇಬೇಕು.

ಹೆಸರು ಕಂಡರೆ ಮುಂದಿನ ಹೆಜ್ಜೆ ಸಂದೇಶಗಳನ್ನು ಕಣ್ಣಾರೆ ನೋಡುವುದು. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್ ಎಂಬ ತಂತ್ರಾಂಶಗಳಿವೆ. ಇವನ್ನು ತೆರೆಯುವ ಮುನ್ನ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿರಿ, ಏಕೆಂದರೆ ವಿಂಡೋಸ್‌ನ ಅನೇಕ ಮಿಡಿ ಡ್ರೈವರ್‌ಗಳು ಒಂದು ಪೋರ್ಟನ್ನು (ಸಂದೇಶ ಹೋಗಿಬರುವ ದಾರಿಯನ್ನು) ಒಂದು ಸಲಕ್ಕೆ ಒಂದೇ ಪ್ರೋಗ್ರಾಮಿಗೆ ಬಿಟ್ಟುಕೊಡುತ್ತವೆ. ಹಿಂದೆ ತೆರೆದಿಟ್ಟು ಮರೆತ ಇನ್ನೊಂದು ಪ್ರೋಗ್ರಾಂ ಪೋರ್ಟನ್ನು ಹಿಡಿದುಕೊಂಡಿರುವುದೇ ಎಷ್ಟೋ ಸಲ ಇಡೀ ದೋಷವಾಗಿರುತ್ತದೆ.

ಈಗ ಒಂದೊಂದೇ ಫೇಡರನ್ನು ನಿಧಾನವಾಗಿ ಸರಿಸಿರಿ. 0ಯಿಂದ 127ರವರೆಗೆ ಏರಿಳಿಯುವ ಕಂಟ್ರೋಲ್ ಚೇಂಜ್ ಸಂದೇಶಗಳು ಬಂದರೆ ಕಂಟ್ರೋಲರ್ ಸಾಮಾನ್ಯ ಮಿಡಿ ಮೋಡಿನಲ್ಲಿದೆ ಎಂದರ್ಥ. ಎಂಟು ಫೇಡರ್‌ಗಳು 1ರಿಂದ 8ರವರೆಗಿನ ಚಾನೆಲ್‌ಗಳಲ್ಲಿ, ಮಾಸ್ಟರ್ ಫೇಡರ್ 9ನೆಯದರಲ್ಲಿ ಪಿಚ್ ಬೆಂಡ್ (ವಾದ್ಯದ ಶ್ರುತಿಯನ್ನು ಜಾರಿಸಲೆಂದಿರುವ ಸಂದೇಶ) ಕಳಿಸುತ್ತಿದ್ದರೆ ಅದು ಮ್ಯಾಕಿ ಕಂಟ್ರೋಲ್ ಎಂಬ, ಮಿಕ್ಸಿಂಗ್ ಕಂಟ್ರೋಲರ್‌ಗಳಿಗೆಂದೇ ಇರುವ ಸಂದೇಶ ಪದ್ಧತಿಯ ಮೋಡು. ಫೇಡರಿಗೂ ಪಿಚ್ ಬೆಂಡಿಗೂ ಏನು ನಂಟು ಎಂದು ಅಚ್ಚರಿಪಡಬೇಕಿಲ್ಲ: ಕಂಟ್ರೋಲ್ ಚೇಂಜ್ 7 ಬಿಟ್‌ಗಳಲ್ಲಿ 128 ಮೆಟ್ಟಿಲುಗಳನ್ನಷ್ಟೇ ಕೊಡುತ್ತದೆ, ಪಿಚ್ ಬೆಂಡಿನ 14 ಬಿಟ್‌ಗಳಲ್ಲಿ ಅದಕ್ಕಿಂತ ಬಹಳ ನವಿರಾದ ಚಲನೆಯನ್ನು ಹೇಳಲು ಸಾಧ್ಯ.

ಮೋಡು ತಿಳಿದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಎರಡೂ ಕಡೆ ಒಂದೇ ಮೋಡು ಇರಬೇಕು. ರೀಪರ್, ಕ್ಯೂಬೇಸ್, ಲೈವ್ ಮುಂತಾದ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ಮ್ಯಾಕಿ ಕಂಟ್ರೋಲನ್ನು ಬಲ್ಲವು. ಪ್ರೊ ಟೂಲ್ಸ್‌ಗೆ ಎಚ್‌ಯುಐ ಎಂಬ ಇನ್ನೊಂದು ಪದ್ಧತಿಯ ಮೋಡು ಬೇಕು. ಬೆಹ್ರಿಂಗರ್ ಎಕ್ಸ್-ಟಚ್‌ನಲ್ಲಿ ಮೊದಲ ಚಾನೆಲ್‌ನ ಸೆಲೆಕ್ಟ್ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಮೋಡು ಬದಲಿಸುವ ಪುಟ ಬರುತ್ತದೆ. ಯುಎಸ್‌ಬಿ ಬಳಸಬೇಕೆಂಬುದನ್ನೂ ಅಲ್ಲೇ ಆರಿಸಬೇಕು.

ಸಾಫ್ಟ್‌ವೇರಿನಲ್ಲಿ ತಪ್ಪಾಗುವ ಜಾಗಗಳು ಹೆಚ್ಚಾಗಿ ಎರಡು. ಮೊದಲನೆಯದು, ಇನ್‌ಪುಟ್ ಆರಿಸಿ ಔಟ್‌ಪುಟ್ಟನ್ನು ಖಾಲಿ ಬಿಡುವುದು. ಹೀಗಾದರೆ ನೀವು ಫೇಡರ್ ಎಳೆದಾಗ ಪರದೆ ಕದಲುತ್ತದೆ, ಆದರೆ ಮೌಸ್‌ನಿಂದ ಪರದೆಯ ಫೇಡರ್ ಸರಿಸಿದಾಗ ಮೋಟಾರ್ ಅಲುಗುವುದಿಲ್ಲ, ದೀಪಗಳು ಹತ್ತುವುದಿಲ್ಲ, ಕೈ ಬಿಟ್ಟೊಡನೆ ಫೇಡರ್ ಹಳೆಯ ಜಾಗಕ್ಕೆ ಜಾರುವುದೂ ಉಂಟು. ಎರಡನೆಯದು ಇನ್ನೂ ಗೊಂದಲದ್ದು. ಅದೇ ಪೋರ್ಟು ಸಾಮಾನ್ಯ ಮಿಡಿ ಇನ್‌ಪುಟ್ ಆಗಿಯೂ ತೆರೆದಿದ್ದರೆ, ಫೇಡರ್ ಮುಟ್ಟಿದಾಗ ಆಯ್ಕೆಯಾದ ಟ್ರ್ಯಾಕಿನ ವಾದ್ಯದ ಶ್ರುತಿ ಜಾರುತ್ತದೆ, ಮ್ಯೂಟ್ ಒತ್ತಿದರೆ ಸ್ವರ ನುಡಿಯುತ್ತದೆ. ಕ್ಯೂಬೇಸ್‌ನಲ್ಲಿ ಆ ಪೋರ್ಟನ್ನು 'ಆಲ್ ಮಿಡಿ ಇನ್‌ಪುಟ್ಸ್' ಪಟ್ಟಿಯಿಂದ ತೆಗೆಯಬೇಕು; ಲೈವ್‌ನಲ್ಲಿ ಅದರ 'ಟ್ರ್ಯಾಕ್' ಸ್ವಿಚ್ಚನ್ನು ಆಫ್ ಮಾಡಬೇಕು; ರೀಪರ್‌ನಲ್ಲಿ ಮಿಡಿ ಡಿವೈಸಸ್ ಪುಟದಲ್ಲಿ ಅದನ್ನು ಸಕ್ರಿಯಗೊಳಿಸದೆ, ಕಂಟ್ರೋಲ್ ಸರ್ಫೇಸ್ ಪುಟದಲ್ಲಿ ಮಾತ್ರ ಸೇರಿಸಬೇಕು. ಇನ್ನು ಒಂಬತ್ತನೆಯ ಟ್ರ್ಯಾಕ್ ಸಿಗುತ್ತಿಲ್ಲ ಎಂಬುದು ದೋಷವೇ ಅಲ್ಲ. ಮುಂದಿನ ಎಂಟು ಟ್ರ್ಯಾಕ್‌ಗಳಿಗೆ ಸರಿಸುವ ಬ್ಯಾಂಕ್ ಗುಂಡಿ ಇರುವುದೇ ಅದಕ್ಕೆ.

ಮೋಟಾರಿಲ್ಲದ ಫೇಡರ್ ಮುಟ್ಟಿದೊಡನೆ ದನಿಯ ಮಟ್ಟ ಹಾರಿದರೆ ಫೇಡರ್ ಪರದೆಯ ಮಟ್ಟವನ್ನು ಮುಟ್ಟುವವರೆಗೆ ಕಾಯುವ ಪಿಕಪ್ ಎಂಬ ಆಯ್ಕೆಯನ್ನು ಹಾಕಿಕೊಳ್ಳಿರಿ. ಮೋಟಾರ್ ಫೇಡರ್ ಯಾರೂ ಮುಟ್ಟದಿದ್ದರೂ ನಡುಗುತ್ತಿದ್ದರೆ, ಅಥವಾ ಬೆರಳಿಟ್ಟರೂ ಕೈಯೊಡನೆ ಜಗ್ಗಾಡಿದರೆ, ಅರ್ತಿಂಗನ್ನು ಪರೀಕ್ಷಿಸಿರಿ. ಬೆರಳಿನ ಸ್ಪರ್ಶವನ್ನು ವಿದ್ಯುತ್ ಧಾರಕತೆಯಿಂದ ಗುರುತಿಸುವ ಈ ಫೇಡರ್‌ಗಳಿಗೆ ಸರಿಯಾದ ಅರ್ತ್ ಇಲ್ಲದಿದ್ದರೆ ಮುಟ್ಟಿದ್ದೂ ಮುಟ್ಟದ್ದೂ ತಿಳಿಯದೆ ಹೋಗಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಗುಂಡಿಯ ರೋಧ ಏರುವುದರಿಂದ, ಗುಂಡಿಗೆ ಆಗಾಗ ನೀರು ಹಾಕಿಸಿ ಎಲೆಕ್ಟ್ರಿಷಿಯನ್ನಿಂದ ಅಳೆಸುವುದು ಫೇಡರ್ ಬದಲಿಸುವುದಕ್ಕಿಂತ ಅಗ್ಗ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮಗೆ ಕರೆಂಟ್ ಹೋಗುವುದು ತಪ್ಪಿಲ್ಲ. ಆಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಅಡಾಪ್ಟರಿನ ಕಂಟ್ರೋಲರ್ ಆರಿ ಮತ್ತೆ ಹತ್ತುತ್ತದೆ, ಸಾಫ್ಟ್‌ವೇರ್ ಮಾತ್ರ ಕಳೆದುಹೋದ ಪೋರ್ಟನ್ನು ಮತ್ತೆ ಹುಡುಕದೆ ಕುಳಿತಿರುತ್ತದೆ. ಪ್ರಾಜೆಕ್ಟನ್ನು ಉಳಿಸಿ, ಸಾಫ್ಟ್‌ವೇರ್ ಮುಚ್ಚಿ, ಕಂಟ್ರೋಲರ್ ಪೂರ್ತಿ ಸಿದ್ಧವಾದ ಮೇಲೆ ಮತ್ತೆ ತೆರೆಯಿರಿ, ಸೆಟ್ಟಿಂಗ್‌ಗಳನ್ನು ಕೆದಕಬೇಡಿ. ಕರೆಂಟ್ ಹೋಗದೆಯೂ ಸಂಪರ್ಕ ಕಡಿಯುತ್ತಿದ್ದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಎಂಬುದನ್ನು ನಿಷ್ಕ್ರಿಯಗೊಳಿಸಿರಿ.

ಇಷ್ಟೆಲ್ಲ ಸರಿಯಿದ್ದೂ ಸಂದೇಶ ತೋರಿಸುವ ತಂತ್ರಾಂಶದಲ್ಲಿ ಒಂದೇ ಫೇಡರಿನ ಸಂಖ್ಯೆಗಳು ನಡುವೆ ತಪ್ಪಿ ಹಾರುತ್ತಿದ್ದರೆ ದೋಷ ಹಾರ್ಡ್‌ವೇರಿನದು, ಬಹುಶಃ ಸೀಳಿನೊಳಗೆ ಇಳಿದ ಧೂಳಿನದು. ಬಳ್ಳಾರಿಯ ಗಣಿ ಸೀಮೆಯಲ್ಲಿ ಇದು ಮಾಮೂಲು. ಮೃದುವಾದ ಬ್ರಷ್ ಮತ್ತು ಗಾಳಿಯಿಂದ ಶುಚಿ ಮಾಡಿ ನೋಡಿರಿ, ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆಯಬೇಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಆ ಒಂದು ಫೇಡರನ್ನಷ್ಟೇ ಬದಲಿಸಿಕೊಡುವ ರಿಪೇರಿಯವರನ್ನು ಹುಡುಕಬೇಕು.