ಮುಂಬಯಿಯ ಓದುಬಳಗಕ್ಕೆ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’: ಓದುವ ಕ್ರಮ

ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಭಾನುವಾರ ಸೇರುವ ಕನ್ನಡ ಓದುಬಳಗವೊಂದು ವೈಟ್‌ಹೆಡ್ ಮತ್ತು ರಸೆಲ್ ಅವರ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ವನ್ನು ಕೈಗೆತ್ತಿಕೊಳ್ಳುವುದಾದರೆ, ಮೊದಲ ಪುಟದಿಂದ ಆರಂಭಿಸಬಾರದೆಂಬುದು ನನ್ನ ಸಲಹೆ. ಗಣಿತವನ್ನು ತರ್ಕದ ಕೆಲವೇ ಮೂಲಸೂತ್ರಗಳಿಂದ ಕಟ್ಟಲು ಹೊರಟ, 1910, 1912 ಮತ್ತು 1913ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಈ ಗ್ರಂಥವನ್ನು ಆದ್ಯಂತ ಓದಿದವರು ವಿರಳ. ಅದರ ಪ್ರಭಾವ ಹರಿದುಬಂದಿರುವುದು ಅದನ್ನು ತಿದ್ದಿದವರ ಮತ್ತು ಅದರ ಮಿತಿಯನ್ನು ತೋರಿಸಿಕೊಟ್ಟವರ ಮೂಲಕ. ಮೊದಲ ಆವೃತ್ತಿಯ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಬೇಕಾದ ಪುಟಗಳನ್ನು ಮುದ್ರಿಸಿಕೊಂಡರೆ ಒಳ್ಳೆಯದು, ಏಕೆಂದರೆ ಇದು ಲೋಕಲ್ ರೈಲಿನಲ್ಲಿ ನಿಂತು ಮೊಬೈಲಿನಲ್ಲಿ ಓದುವಂಥದ್ದಲ್ಲ.

ಮೊದಲ ಬೈಠಕ್ಕನ್ನು ಗ್ರಂಥದ ಹಿಂದಿನ ಸಮಸ್ಯೆಗೆ ಮೀಸಲಿಡಿ. ಗಣವೆಂದರೆ ವಸ್ತುಗಳ ಗುಂಪು (ಸೆಟ್). ತನಗೆ ತಾನೇ ಸದಸ್ಯವಲ್ಲದ ಗಣಗಳೆಲ್ಲ ಸೇರಿದ ಗಣವು ತನಗೆ ತಾನು ಸದಸ್ಯವೇ? ಹೌದೆಂದರೆ ಅಲ್ಲ, ಅಲ್ಲವೆಂದರೆ ಹೌದು. 1902ರ ಜೂನ್‌ನಲ್ಲಿ ರಸೆಲ್ ಇದನ್ನು ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆಗೆ ಪತ್ರದಲ್ಲಿ ತಿಳಿಸಿದಾಗ, ಅಂಕಗಣಿತವನ್ನು ತರ್ಕದಿಂದ ಕಟ್ಟಹೊರಟ ಫ್ರೇಗೆಯ ಮಹಾಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿತ್ತು. ವಸ್ತುಗಳು, ವಸ್ತುಗಳ ಗಣಗಳು, ಆ ಗಣಗಳ ಗಣಗಳು ಎಂದು ಶ್ರೇಣಿಗಳನ್ನು ಮಾಡಿ, ಗಣವೊಂದು ತನ್ನ ಶ್ರೇಣಿಯೊಳಗೇ ಸದಸ್ಯವಾಗದಂತೆ ತಡೆಯುವ ಟೈಪ್ ಸಿದ್ಧಾಂತವೇ ‘ಪ್ರಿನ್ಸಿಪಿಯಾ’ ಕೊಟ್ಟ ಉತ್ತರ.

ಓದುಗರನ್ನು ಅತಿಯಾಗಿ ಹೆದರಿಸುವುದು ಚುಕ್ಕಿಗಳು. ಇಟಲಿಯ ಗಣಿತಜ್ಞ ಪೆಯಾನೊನಿಂದ ಬಂದ ಈ ಪದ್ಧತಿಯಲ್ಲಿ ಚುಕ್ಕಿಗಳು ಆವರಣ ಚಿಹ್ನೆಗಳ ಕೆಲಸ ಮಾಡುತ್ತವೆ. ಹೆಚ್ಚು ಚುಕ್ಕಿ ಇದ್ದಲ್ಲಿ ವ್ಯಾಪ್ತಿ ಹೆಚ್ಚು. ಮೂಲಸೂತ್ರಗಳಲ್ಲಿ ಒಂದಾದ *1.2ನ್ನು (ನಕ್ಷತ್ರಚಿಹ್ನೆಯ ಸಂಖ್ಯೆಗಳು ಗ್ರಂಥದ ಕ್ರಮಸಂಖ್ಯೆಗಳು) ಕನ್ನಡ ಅಕ್ಷರದಲ್ಲಿ ಹೀಗೆ ಬರೆಯಬಹುದು:

⊢ : ಪ ∨ ಪ . ⊃ . ಪ

ಇಲ್ಲಿ ⊢ ಎಂದರೆ ‘ಮುಂದಿನದನ್ನು ಪ್ರತಿಪಾದಿಸಲಾಗಿದೆ’, ∨ ಎಂದರೆ ‘ಅಥವಾ’, ⊃ ಎಂದರೆ ‘(ನಿಜ)ವಾದರೆ’. ⊃ ಗುರುತಿನ ಎರಡೂ ಬದಿಯ ಒಂಟಿ ಚುಕ್ಕಿಗಳು ‘ಪ ಅಥವಾ ಪ’ ಎಂಬುದನ್ನು ಒಂದು ಘಟಕವಾಗಿಸುತ್ತವೆ. ಮೊದಲಿನ ಜೋಡಿ ಚುಕ್ಕಿ ಇಡೀ ಸಾಲನ್ನು ಹಿಡಿದಿಡುತ್ತದೆ. ‘ಪ ಅಥವಾ ಪ ನಿಜವಾದರೆ ಪ ನಿಜ’ ಎಂಬುದಷ್ಟೇ ಇದರ ಅರ್ಥ.

ಇನ್ನು *2.01ನ್ನು ಪ್ರತಿಯೊಬ್ಬರೂ ಕೈಯಾರೆ ಬರೆದು ಸಾಧಿಸಬೇಕು. ಇದನ್ನು ಬಿಟ್ಟು ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ಪ ಯಿಂದ ಪ ಯ ನಿಷೇಧವೇ ಹೊರಡುವುದಾದರೆ ಪ ಸುಳ್ಳು ಎಂಬುದು ಈ ಪ್ರಮೇಯ. ಮೇಲಿನ ಮೂಲಸೂತ್ರದಲ್ಲಿ ಪ ಇರುವಲ್ಲೆಲ್ಲ ~ಪ (ಅಂದರೆ ಪ ಯ ನಿಷೇಧ) ಹಾಕಿದರೆ ‘~ಪ ∨ ~ಪ ಆದರೆ ~ಪ’ ಎಂದಾಗುತ್ತದೆ. ‘ಪ ⊃ ಕ’ ಎಂಬುದನ್ನು *1.01ರಲ್ಲಿ ‘~ಪ ∨ ಕ’ ಎಂದೇ ನಿರೂಪಿಸಿರುವುದರಿಂದ, ‘~ಪ ∨ ~ಪ’ ಬೇರೇನಲ್ಲ, ‘ಪ ⊃ ~ಪ’ಯೇ. ಸಾಧನೆ ಮುಗಿಯಿತು. 1956ರಲ್ಲಿ ನ್ಯೂವೆಲ್, ಸೈಮನ್ ಮತ್ತು ಶಾ ರೂಪಿಸಿದ ‘ಲಾಜಿಕ್ ಥಿಯರಿಸ್ಟ್’ ಪ್ರೋಗ್ರಾಂ ಇದೇ ಎರಡನೆಯ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು.

1+1=2 ಎಂದು ಸಾಧಿಸಲು ಈ ಗ್ರಂಥಕ್ಕೆ ನೂರಾರು ಪುಟಗಳು ಬೇಕಾದವೆಂಬ ಖ್ಯಾತ ಪ್ರಸಂಗಕ್ಕೆ ಕಾಲು ಗಂಟೆ ಧಾರಾಳ. ಮೊದಲ ಸಂಪುಟದ 379ನೆಯ ಪುಟದಲ್ಲಿರುವ *54.43 ಅದಕ್ಕೆ ನೆಲ ಸಿದ್ಧಪಡಿಸುತ್ತದಷ್ಟೆ. ಸಂಕಲನದ ನಿರೂಪಣೆಯಾದ ಮೇಲೆ ಸಾಧನೆ ಬರುವುದು ಎರಡನೆಯ ಸಂಪುಟದಲ್ಲಿ. ಅಲ್ಲಿ ಲೇಖಕರು ಈ ಪ್ರಮೇಯ ಆಗೊಮ್ಮೆ ಈಗೊಮ್ಮೆ ಉಪಯೋಗಕ್ಕೆ ಬರುತ್ತದೆಂದು ತಣ್ಣಗೆ ಟಿಪ್ಪಣಿ ಮಾಡಿರುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಹೆಚ್ಚು ಸಮಯ ಬೇಡುವುದು ದೌರ್ಬಲ್ಯಗಳ ಚರ್ಚೆ. ಅನಂತ ವಸ್ತುಗಳಿವೆಯೆಂಬ ಗೃಹೀತವನ್ನು ಶುದ್ಧ ತರ್ಕವೆನ್ನಬಹುದೇ? ಶ್ರೇಣಿಗಳೊಳಗಿನ ಉಪವಿಭಾಗಗಳ ತೊಡಕನ್ನು ನಿವಾರಿಸಲು ತಂದ, ಯಾವ ಉಪವಿಭಾಗದ ಗುಣಕ್ಕೂ ಸಮನಾದ ಸರಳ ಗುಣವೊಂದಿದೆಯೆನ್ನುವ ರಿಡ್ಯೂಸಿಬಿಲಿಟಿ ಸೂತ್ರಕ್ಕೆ ಸಮರ್ಥನೆಯೇನು? ರ‍್ಯಾಮ್ಸೆ 1925ರಲ್ಲಿ ಈ ಸೂತ್ರವನ್ನು ಕೈಬಿಟ್ಟು ಸರಳ ಶ್ರೇಣಿಗಳು ಸಾಕೆಂದು ವಾದಿಸಿದರು. 1940ರಲ್ಲಿ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಆ ದಾರಿಯನ್ನು ಇನ್ನಷ್ಟು ಸ್ವಚ್ಛಗೊಳಿಸಿದರು. ಈ ನಡುವೆ 1931ರಲ್ಲಿ ಗೋಡೆಲ್, ‘ಪ್ರಿನ್ಸಿಪಿಯಾ’ದ ಹೆಸರನ್ನು ಶೀರ್ಷಿಕೆಯಲ್ಲೇ ಹೊತ್ತ ಪ್ರಬಂಧದಲ್ಲಿ, ಅಲ್ಲಿನ ನಿಯಮಗಳಿಂದ ಸಾಧಿಸಲೂ ಅಲ್ಲಗಳೆಯಲೂ ಆಗದ ಅಂಕಗಣಿತದ ಹೇಳಿಕೆಗಳಿವೆಯೆಂದು ತೋರಿಸಿದರು. ಇದರಿಂದ ಗ್ರಂಥವೇ ನೆಲಕಚ್ಚಿತೆನ್ನುವವರು ಬಳಗದಲ್ಲಿ ಇದ್ದೇ ಇರುತ್ತಾರೆ. ಆದರೆ ನಿಯಮಗಳನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟಿರದಿದ್ದರೆ, ಅವುಗಳ ಬಗ್ಗೆ ಪ್ರಮೇಯವೊಂದನ್ನು ಸಾಧಿಸುವುದು ಸಾಧ್ಯವೇ ಆಗುತ್ತಿರಲಿಲ್ಲ.

ಕೊನೆಯ ಬೈಠಕ್ಕಿಗೆ ಲ್ಯಾಪ್‌ಟಾಪ್ ತನ್ನಿ. ಟೈಪ್ ಸಿದ್ಧಾಂತದ ಇಂದಿನ ಸಂತತಿಯಾದ ‘ಲೀನ್’ ಎಂಬ, ಪ್ರಮೇಯಗಳ ಸಾಧನೆಯನ್ನು ಪರಿಶೀಲಿಸುವ ತಂತ್ರಾಂಶ ಬ್ರೌಸರಿನಲ್ಲೇ ನಡೆಯುತ್ತದೆ, ಅದರಲ್ಲಿ *2.01ನ್ನು ಮತ್ತೆ ಸಾಧಿಸಿ ನೋಡಿ. ಇಲ್ಲಿ ‘ಆದರೆ’ಯನ್ನು ‘ಅಥವಾ’ದಿಂದ ಕಟ್ಟುವುದಿಲ್ಲ, ಬದಲಾಗಿ ನಿಷೇಧವನ್ನೇ ‘ಪ ಆದರೆ ಮಿಥ್ಯೆ’ ಎಂದು ನಿರೂಪಿಸಲಾಗಿದೆ. ಹಾಗಾಗಿ ಪ ಯನ್ನು ಒಪ್ಪಿಕೊಂಡು, ದತ್ತ ಹೇಳಿಕೆಗೆ ಅದನ್ನು ಎರಡು ಬಾರಿ ಒದಗಿಸಿದರೆ ಮಿಥ್ಯೆ ಕೈಗೆ ಬರುತ್ತದೆ, ಸಾಧನೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.