ಟಿಪ್ಪರ್ ಮರಳು ಸುರಿಯುವ ಮುಂಚೆ

ಟಿಪ್ಪರ್ ಒಮ್ಮೆ ಮರಳು ಸುರಿದರೆ ಅದು ನಿಮ್ಮದೇ. ಕೆಟ್ಟದ್ದೆಂದು ಆಮೇಲೆ ಗೊತ್ತಾದರೂ ವಾಪಸ್ ತುಂಬಿಕೊಂಡು ಹೋಗುವವರಿಲ್ಲ. ಮನೆ ಕಟ್ಟಿಸುವವರು ಯಾವ ಕಂಪನಿಯ ಸಿಮೆಂಟು, ಯಾವ ಕಂಬಿ ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ಕಾಂಕ್ರೀಟಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಇರುವ ಮರಳು, ಜಲ್ಲಿಯನ್ನು ಮಾತ್ರ ‘ಒಂದು ಲೋಡ್ ಕಳಿಸಿ’ ಎಂದು ಫೋನಿನಲ್ಲೇ ಮುಗಿಸುತ್ತಾರೆ. ಗೋಡೆ ಬಿರುಕು ಬಿಟ್ಟಾಗ ಬೈಗುಳವೆಲ್ಲ ಮೇಸ್ತ್ರಿಗೆ.

ಹಂತ 1: ಏನು ಬೇಕೆಂದು ಬಿಡಿಸಿ ಹೇಳಿ

ಕಾಂಕ್ರೀಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಪ್ಲಾಸ್ಟರಿಂಗಿಗೆ ಇನ್ನೂ ಸಣ್ಣ ಕಣದ ಪಿ-ಸ್ಯಾಂಡ್. ತಾರಸಿ, ಕಂಬಗಳಿಗೆ 20 ಎಂಎಂ ಜಲ್ಲಿ, ಪಾಯದ ಬೆಡ್‌ಗೆ 40 ಎಂಎಂ. ಎಂ-ಸ್ಯಾಂಡ್ ಸಾಲದೆ ಬಂದಾಗ ಉಳಿದ ಪಿ-ಸ್ಯಾಂಡ್ ಸೇರಿಸಿ ಕಾಂಕ್ರೀಟ್ ಕಲಸುವುದಕ್ಕೆ ಖಂಡಿತ ಒಪ್ಪಬೇಡಿ. ಕಣ ಸಣ್ಣದಾದಷ್ಟೂ ನೀರು ಹೆಚ್ಚು ಬೇಕು, ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ.

ಹಂತ 2: ಕ್ರಷರ್‌ನವರಿಂದ ಲ್ಯಾಬ್ ರಿಪೋರ್ಟ್ ಕೇಳಿ

ಮರಳು, ಜಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 383 ಪ್ರಕಾರ ಪರೀಕ್ಷೆ ಆಗಿರಬೇಕು. 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಎಂ-ಸ್ಯಾಂಡ್‌ನಲ್ಲಿ ತೂಕದ ಶೇ 15 ದಾಟಬಾರದು. ಹೊಳೆ ಮರಳಿನಲ್ಲಿ ಶೇ 3. ಕಣದ ಗಾತ್ರ ನೋಡಿ ಮರಳನ್ನು ನಾಲ್ಕು ಝೋನ್‌ಗಳಾಗಿ ವಿಂಗಡಿಸುತ್ತಾರೆ; ಕಾಂಕ್ರೀಟಿಗೆ ಝೋನ್ 2 ಮರಳನ್ನೇ ಕೇಳಿ.

ಹಂತ 3: ಲೋಡ್ ಬಂದಾಗ

ಜನ ಸೋಲುವುದು ಇಲ್ಲೇ. ಜಲ್ಲಿ ಒಡೆಯುವಾಗ ಕೆಳಗೆ ಉಳಿಯುವ ಕ್ರಷರ್ ಡಸ್ಟ್ ಅನ್ನೇ ಎಂ-ಸ್ಯಾಂಡ್ ಎಂದು ಕಳಿಸುವವರಿದ್ದಾರೆ. ಎರಡೂ ಬೂದುಬಣ್ಣ, ದೂರದಿಂದ ವ್ಯತ್ಯಾಸ ಕಾಣದು. ನಿಜವಾದ ಎಂ-ಸ್ಯಾಂಡ್ ಅನ್ನು ಅದಕ್ಕೆಂದೇ ಇರುವ ಯಂತ್ರದಲ್ಲಿ ಮತ್ತೆ ಪುಡಿಮಾಡಿ, ಕಣದ ಚೂಪು ಕಳೆದು, ಹೆಚ್ಚಿನ ಧೂಳು ತೆಗೆದಿರುತ್ತಾರೆ. ಡಸ್ಟ್‌ನಲ್ಲಿ ಚಪ್ಪಟೆ ಚೂರುಗಳು, ಹಿಟ್ಟಿನಂಥ ಪುಡಿ ಜೊತೆಯಾಗಿರುತ್ತವೆ.

ಲೋಡಿನ ಮೇಲ್ಭಾಗದಿಂದ ಮಾತ್ರ ಹಿಡಿ ತೆಗೆಯಬೇಡಿ. ನಾಲ್ಕೈದು ಕಡೆ ಮೊಣಕೈವರೆಗೆ ಅಗೆದು ತೆಗೆದು ಬೆರೆಸಿ. ಅಂಗೈಯಲ್ಲಿ ಉಜ್ಜಿ ಕೊಡವಿದಾಗ ಕೈಗೆ ದಪ್ಪ ಲೇಪ ಉಳಿದರೆ ಅನುಮಾನಪಡಿ. ಮೇಸ್ತ್ರಿಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ, ಇಷ್ಟು ಸಾಲದು.

ನೇರ ಗೋಡೆಯ ಗಾಜಿನ ಬಾಟಲಿ ತನ್ನಿ. ಅರ್ಧದವರೆಗೆ ಮರಳು ಹಾಕಿ, ಉಪ್ಪು ಕದಡಿದ ನೀರನ್ನು ಮುಕ್ಕಾಲಿಗೆ ತುಂಬಿಸಿ. ಲೀಟರಿಗೆ ಎರಡು ಚಿಕ್ಕ ಚಮಚ ಉಪ್ಪು ಸಾಕು. ಉಪ್ಪಿದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗ ಕೆಳಗಿಳಿಯುತ್ತವೆ, ಬರೀ ನೀರಿನಲ್ಲಿ ತೇಲುತ್ತಲೇ ಇರುತ್ತವೆ. ಮುಚ್ಚಳ ಬಿಗಿದು ಜೋರಾಗಿ ಕುಲುಕಿ, ಸಮತಟ್ಟು ಜಾಗದಲ್ಲಿಟ್ಟು ಮೂರು ಗಂಟೆ ಮುಟ್ಟಬೇಡಿ. ಟಿಪ್ಪರ್ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಕ್ರಷರ್‌ಗೆ ಹೋಗಿ ಮಾದರಿ ತಂದು ಈ ಪರೀಕ್ಷೆ ಮುಗಿಸಿ, ಬಂದ ಲೋಡನ್ನು ಆ ಮಾದರಿಯ ಜೊತೆ ಹೋಲಿಸಿ.

ಮರಳಿನ ಮೇಲೆ ನುಣುಪಾದ ಪದರ ಕೂತಿರುತ್ತದೆ. ಹೊಳೆ ಮರಳಾದರೆ ಕೆಳಗಿನ ಮರಳು 10 ಸೆಂ.ಮೀ. ಇದ್ದಾಗ ಮೇಲಿನ ಪದರ 8 ಮಿ.ಮೀ. ದಾಟಬಾರದು. ಎಂ-ಸ್ಯಾಂಡ್‌ನಲ್ಲಿ ಈ ಪದರ ಹೆಚ್ಚೇ ಕಾಣುತ್ತದೆ. ಅದನ್ನು ತೆಗೆದು ಬೆರಳಲ್ಲಿ ಉಜ್ಜಿ ನೋಡಿ: ತರಿತರಿಯಾದರೆ ಕಲ್ಲಿನ ಪುಡಿ, ಲ್ಯಾಬ್ ರಿಪೋರ್ಟಿನಲ್ಲಿ ಶೇ 15ರ ಮಿತಿಯಲ್ಲಿದ್ದರೆ ಚಿಂತೆಯಿಲ್ಲ. ಜಿಗುಟಾದರೆ ಜೇಡಿಮಣ್ಣು; ಅದು ಕಣಕ್ಕೂ ಸಿಮೆಂಟಿಗೂ ನಡುವೆ ಕೂತು ಹಿಡಿತ ಬಿಡಿಸುತ್ತದೆ. ಅಂಥ ಮರಳನ್ನು ತರಿಸಲೇಬೇಡಿ.

ಕೆರೆಯಂಗಳದ, ಹೊಲದ ಮಣ್ಣು ತೊಳೆದು ತೆಗೆಯುವ ‘ಫಿಲ್ಟರ್ ಮರಳು’ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಎಷ್ಟು ತೊಳೆದರೂ ಜೇಡಿ ಪೂರ್ತಿ ಬಿಡುವುದಿಲ್ಲ, ಕೆರೆಯೂ ಹಾಳಾಗುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಿಷೇಧವೂ ಇದೆ. ಕರಾವಳಿಯವರು ಅಳಿವೆ ಹತ್ತಿರದ ಮರಳನ್ನು ಉಪ್ಪಿನಂಶ ನೋಡಿಸದೆ ಕಂಬಿಯಿರುವ ಕಾಂಕ್ರೀಟಿಗೆ ಬಳಸಬಾರದು, ಒಳಗೇ ಕಂಬಿ ತುಕ್ಕು ಹಿಡಿಯುತ್ತದೆ.

ಹಂತ 4: ಅಳತೆ

ಸ್ವಲ್ಪ ಒದ್ದೆಯಾದ ಮರಳು ಉಬ್ಬುತ್ತದೆ. ನೂರಕ್ಕೆ ಐದಾರು ಭಾಗ ತೇವವಿದ್ದರೆ ಗಾತ್ರ ಕಾಲು ಭಾಗದಷ್ಟು ಹೆಚ್ಚಬಹುದು. ಅಡಿ ಲೆಕ್ಕದಲ್ಲಿ ಕೊಂಡರೆ ಗಾಳಿಗೂ ದುಡ್ಡು ಕೊಟ್ಟಂತೆ. ಅದನ್ನೇ ಬಾಂಡ್ಲಿ ಲೆಕ್ಕದಲ್ಲಿ ಕಲಸಿದರೆ ಮಿಶ್ರಣಕ್ಕೆ ಮರಳು ಕಡಿಮೆ ಬೀಳುತ್ತದೆ. ಡಬ್ಬಿಯಲ್ಲಿ ಒದ್ದೆ ಮರಳನ್ನು ಸಡಿಲವಾಗಿ ತುಂಬಿ ಎತ್ತರ ಗುರುತಿಸಿ. ಹೊರತೆಗೆದು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಬಿಟ್ಟು ಕಲಕಿ. ಎಷ್ಟು ಕುಸಿಯಿತೋ ಅಷ್ಟು ಉಬ್ಬಿತ್ತು.

ಹಂತ 5: ಜಲ್ಲಿ

ಹಿಡಿ ಜಲ್ಲಿಯಲ್ಲಿ ಚೌಕವಾದ ಕಲ್ಲೇ ಹೆಚ್ಚಿರಬೇಕು. ಬಿಲ್ಲೆಯಂತೆ ಚಪ್ಪಟೆ, ಕಡ್ಡಿಯಂತೆ ಉದ್ದ ಎರಡೂ ಸೇರಿ ಶೇ 40 ಮೀರಬಾರದು. ಚಪ್ಪಟೆ ಕಲ್ಲಿನ ಕೆಳಗೆ ನೀರು ನಿಂತು ಟೊಳ್ಳಾಗುತ್ತದೆ. ಸುತ್ತಿಗೆಯಿಂದ ಹೊಡೆದಾಗ ಪುಡಿಯಾಗುವ ಕಲ್ಲು ಬೇಡ. ಎಲ್ಲವೂ ಒಂದೇ ಗಾತ್ರದ್ದಾದರೆ ಸಂದಿ ತುಂಬಲು ಸಿಮೆಂಟೇ ಸುರಿಯಬೇಕಾಗುತ್ತದೆ, ಹಾಗಾಗಿ ನಾನು 20 ಎಂಎಂ ಜೊತೆ ಒಂದಿಷ್ಟು 12 ಎಂಎಂ ಬೆರೆಸಿ ಎನ್ನುತ್ತೇನೆ. ಮೈಗೆ ಧೂಳು ಅಂಟಿದ್ದರೆ ಕಾಂಕ್ರೀಟಿನ ಹಿಂದಿನ ಸಂಜೆಯೇ ಪೈಪಿನಲ್ಲಿ ನೀರು ಬಿಟ್ಟು ತೊಳೆಸಿ, ಬೆಳಿಗ್ಗೆಯೊಳಗೆ ನೀರು ಬಸಿದಿರಲಿ.